ಎದೆಯೊಳಗಿನ ತಂತಿ

ಮೂವತ್ತುಮೂರು ವರ್ಷ ಕಾಲೇಜಿನಲ್ಲಿ ಛಂದಸ್ಸನ್ನು ಪಾಠ ಹೇಳಿದವನೊಬ್ಬ ಹೃದಯದ ಚಿಕಿತ್ಸೆಯ ವಿಚಾರವಾಗಿ ಮಾತನಾಡಲು ಹೊರಟರೆ ಅದು ಅಧಿಕಪ್ರಸಂಗವೆಂದು ಕೆಲವರಿಗಾದರೂ ತೋರೀತು. ನಾನು ವೈದ್ಯನಲ್ಲ, ಆ ಶಾಸ್ತ್ರದಲ್ಲಿ ನನಗೆ ಪ್ರವೇಶವೂ ಇಲ್ಲ. ನನಗಿರುವ ಅಧಿಕಾರ ಒಂದೇ. ಹನ್ನೆರಡು ವರ್ಷಗಳಿಂದ ಎಡ ಎದೆಯ ಚರ್ಮದ ಕೆಳಗೆ ಪೇಸ್‌ಮೇಕರ್ ಎಂಬ ಪುಟ್ಟ ಯಂತ್ರವನ್ನು ಹೊತ್ತು ತಿರುಗುತ್ತಿದ್ದೇನೆ. ಕಳೆದ ವರ್ಷ ಅದರ ಎರಡು ತಂತಿಗಳಲ್ಲಿ ಒಂದು ಕೆಟ್ಟು, ಅದಕ್ಕೆ ಬದಲಾಗಿ ಹೊಸದನ್ನು ಹಾಕಿಸಿಕೊಂಡೆ. ಇಂಥ ಸಂದರ್ಭ ಒದಗಿದವರು ಏನನ್ನು ನಿರೀಕ್ಷಿಸಬಹುದು, ಯಾವುದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು ಎಂಬುದನ್ನು ತಿಳಿಸುವುದಷ್ಟೇ ಈ ಭಾಷಣದ ಉದ್ದೇಶ.

ಪೇಸ್‌ಮೇಕರ್ ಇಟ್ಟುಕೊಂಡವರನ್ನು ಕಂಡಾಗ ಎಲ್ಲರೂ ಕೇಳುವ ಪ್ರಶ್ನೆ, “ಬ್ಯಾಟರಿ ಎಷ್ಟು ವರ್ಷ ಬರುತ್ತದೆ?” ಎಂಬುದು. ಪ್ರಶ್ನೆ ಸಹಜವಾದದ್ದೇ. ಆದರೆ ಬ್ಯಾಟರಿ ಮುಗಿದಾಗ ಆಗುವುದು ಸಣ್ಣ ಕೆಲಸ. ಹಳೆಯ ಗಾಯದ ಗೆರೆಯಲ್ಲೇ ಚರ್ಮವನ್ನು ಬಿಡಿಸಿ, ಹಳೆಯ ಪೆಟ್ಟಿಗೆಯನ್ನು ತೆಗೆದು, ಹೊಸದಕ್ಕೆ ಅದೇ ತಂತಿಗಳನ್ನು ಸಿಕ್ಕಿಸಿ ಹೊಲಿಯುತ್ತಾರೆ. ತಂತಿಯ ವಿಚಾರ ಹಾಗಲ್ಲ. ವೈದ್ಯರು ಲೀಡ್ ಎಂದು ಕರೆಯುವ ಈ ತಂತಿ ರಕ್ತನಾಳದೊಳಗೆ ಇಳಿದು ಹೃದಯದ ಒಳಗೋಡೆಯಲ್ಲಿ ಬೇರೂರಿರುತ್ತದೆ. ಅದು ಕೆಟ್ಟಾಗ ಎದುರಾಗುವುದು ಕೈಚಳಕದ ಪ್ರಶ್ನೆ ಮಾತ್ರವಲ್ಲ, ವಿವೇಚನೆಯ ಪ್ರಶ್ನೆ. ಕೆಟ್ಟ ತಂತಿಯನ್ನು ಕೀಳಬೇಕೆ, ಅಥವಾ ಇದ್ದಲ್ಲೇ ಬಿಟ್ಟು ಪಕ್ಕದಲ್ಲಿ ಇನ್ನೊಂದನ್ನು ಇಳಿಸಬೇಕೆ? ಈ ಪ್ರಶ್ನೆಯನ್ನು ಶಸ್ತ್ರಚಿಕಿತ್ಸೆಗೆ ಮೊದಲೇ, ಸಾವಧಾನವಾಗಿ, ರೋಗಿಯೂ ಕೂತು ಚರ್ಚಿಸಬೇಕು. ನಾನು ಇಂದು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ಹೃದಯದ ಬಲ ಮೇಲ್ಗೋಣೆಯಲ್ಲಿ, ಅಂದರೆ ಬಲ ಹೃತ್ಕರ್ಣದಲ್ಲಿ, ಪ್ರಕೃತಿಯೇ ಇಟ್ಟಿರುವ ಒಂದು ಜೀವಕೋಶಗಳ ಗುಂಪಿದೆ. ಲಯವನ್ನು ನಿರ್ಧರಿಸುವುದು ಅದು. ಅಲ್ಲಿ ಹುಟ್ಟಿದ ವಿದ್ಯುತ್ ಸಂದೇಶ ಕೆಳಗಿನ ಕೋಣೆಗಳಿಗೆ ಹರಿದು ಹೃದಯ ಮಿಡಿಯುತ್ತದೆ. ಈ ಹುಟ್ಟಿನಲ್ಲಾಗಲಿ ಹರಿವಿನಲ್ಲಾಗಲಿ ತಡೆಯುಂಟಾದರೆ, ಛಂದಸ್ಸಿನ ಮಾತಿನಲ್ಲಿ ಹೇಳುವುದಾದರೆ, ಯತಿ ಬರಬಾರದ ಕಡೆಯಲ್ಲಿ ಯತಿ ಬರುತ್ತದೆ. ಮನುಷ್ಯ ತಲೆ ಸುತ್ತಿ ಬೀಳುತ್ತಾನೆ. ಪೇಸ್‌ಮೇಕರ್ ಹೃದಯವನ್ನು ಸದಾ ಆಲಿಸುತ್ತಿದ್ದು, ಮಿಡಿತ ಬರಬೇಕಾದ ಹೊತ್ತಿಗೆ ಬಾರದಿದ್ದರೆ ತಾನೇ ಒಂದು ಸೂಕ್ಷ್ಮ ವಿದ್ಯುತ್ ಪ್ರಚೋದನೆಯನ್ನು ಕಳಿಸುತ್ತದೆ. ಆಲಿಸುವುದಕ್ಕೂ ತಂತಿಯೇ ದಾರಿ, ಹೇಳುವುದಕ್ಕೂ ತಂತಿಯೇ ದಾರಿ.

ಮನುಷ್ಯನ ಮೈಯೊಳಗೆ ಸಂಪೂರ್ಣವಾಗಿ ಅಡಗಿಸಿದ ಮೊದಲ ಪೇಸ್‌ಮೇಕರನ್ನು ಇಟ್ಟದ್ದು ೧೯೫೮ರ ಅಕ್ಟೋಬರ್ ೮ರಂದು, ಸ್ವೀಡನ್ನಿನಲ್ಲಿ. ಶಸ್ತ್ರವೈದ್ಯ ಓಕೆ ಸೆನ್ನಿಂಗ್, ಯಂತ್ರವನ್ನು ರಚಿಸಿದ ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್, ರೋಗಿ ಆರ್ನೆ ಲಾರ್ಸನ್. ರೋಗಿಯ ಹೆಂಡತಿ ಹಿಡಿದ ಪಟ್ಟು ಬಿಡದೆ ಇಬ್ಬರನ್ನೂ ಒಪ್ಪಿಸಿದಳು. ಯಂತ್ರದ ಎರಕಕ್ಕೆ ಬೂಟ್ ಪಾಲಿಷಿನ ಡಬ್ಬಿ ಅಚ್ಚಾಯಿತು. ಆ ಮೊದಲ ಯಂತ್ರ ಕೆಲವೇ ಗಂಟೆಗಳಲ್ಲಿ ನಿಂತಿತು. ಆದರೆ ಲಾರ್ಸನ್ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳನ್ನು ಬದಲಾಯಿಸಿಕೊಳ್ಳುತ್ತ, ತನ್ನ ಎಂಜಿನಿಯರ್ ಮತ್ತು ವೈದ್ಯರಿಬ್ಬರಿಗಿಂತಲೂ ಹೆಚ್ಚು ಕಾಲ ಬದುಕಿ, ೨೦೦೧ರಲ್ಲಿ, ೮೬ನೆಯ ವಯಸ್ಸಿನಲ್ಲಿ, ಬೇರೊಂದು ಕಾಯಿಲೆಯಿಂದ ತೀರಿಕೊಂಡ. ಆತನಿಗೆ ಮೊದಲು ಎದೆಯನ್ನು ತೆರೆದು ಹೃದಯದ ಹೊರಮೈಗೆ ತಂತಿಯನ್ನು ಹೊಲಿಯಬೇಕಾಗಿತ್ತು. ಅದೇ ೧೯೫೮ರಲ್ಲಿ ನ್ಯೂಯಾರ್ಕಿನ ಸೀಮರ್ ಫರ್ಮನ್ ಎಂಬ ವೈದ್ಯ, ರಕ್ತನಾಳದ ಮೂಲಕವೇ ತಂತಿಯನ್ನು ಹೃದಯದೊಳಕ್ಕೆ ತೂರಿಸಬಹುದೆಂದು ತೋರಿಸಿದ. ಇಂದು ನಮ್ಮ ನಿಮ್ಮ ಎದೆಯಲ್ಲಿರುವ ತಂತಿಗಳು ಹೋಗಿರುವುದು ಆ ದಾರಿಯಲ್ಲೇ. ೧೯೭೦ರ ದಶಕದಲ್ಲಿ ಲಿಥಿಯಂ ಬ್ಯಾಟರಿ ಬಂದಮೇಲೆ ಪೆಟ್ಟಿಗೆ ವರ್ಷಗಟ್ಟಲೆ ಬಾಳತೊಡಗಿತು. ಚಿಕ್ಕದಾಯಿತು, ಜಾಣವೂ ಆಯಿತು. ಇಡೀ ವ್ಯವಸ್ಥೆಯಲ್ಲಿ ದುರ್ಬಲವಾದ ಕೊಂಡಿಯಾಗಿ ಉಳಿದದ್ದು ತಂತಿ.

ಅದಕ್ಕೆ ಕಾರಣವುಂಟು. ನಿಮಿಷಕ್ಕೆ ೭೨ ಮಿಡಿತವೆಂದಿಟ್ಟುಕೊಂಡರೆ ದಿನಕ್ಕೆ ಒಂದು ಲಕ್ಷಕ್ಕೂ ಮೇಲಾಯಿತು. ಹನ್ನೊಂದು ವರ್ಷಕ್ಕೆ ೪೧ ಕೋಟಿಯನ್ನು ದಾಟುತ್ತದೆ. ಅಷ್ಟು ಸಲವೂ ತಂತಿ ಒಂದಿಷ್ಟು ಬಾಗಿ ನೆಟ್ಟಗಾಗಬೇಕು. ಒಳಗೆ ಸುರುಳಿ ಸುತ್ತಿದ ಲೋಹ, ಹೊರಗೆ ಸಿಲಿಕೋನ್ ರಬ್ಬರಿನದೋ ಪಾಲಿಯುರೆಥೇನಿನದೋ ಹೊದಿಕೆ. ಕೊರಳೆಲುಬಿಗೂ ಮೊದಲನೆಯ ಪಕ್ಕೆಲುಬಿಗೂ ನಡುವೆ ತಂತಿ ಹಾದುಹೋಗಿದ್ದರೆ, ತೋಳನ್ನಾಡಿಸಿದಾಗಲೆಲ್ಲ ಅಲ್ಲಿ ಅದುಮಿಸಿಕೊಂಡು ಕಾಲಾಂತರದಲ್ಲಿ ಜಖಂಗೊಳ್ಳುವುದುಂಟು. ಲೋಹ ಮುರಿದರೆ ವಿದ್ಯುತ್ತಿಗೆ ರೋಧ ಏರುತ್ತದೆ. ಹೊದಿಕೆ ಸವೆದರೆ ವಿದ್ಯುತ್ತು ಸೋರಿ ರೋಧ ಇಳಿಯುತ್ತದೆ. ಹಾಕಿದ ಹೊಸದರಲ್ಲಿಯೇ ತುದಿ ಜಾರುವುದು ಇನ್ನೊಂದು ಬಗೆಯ ತೊಂದರೆ. ಅದು ಸಾಮಾನ್ಯವಾಗಿ ಮೊದಲ ಕೆಲವು ವಾರಗಳಲ್ಲೇ ಗೊತ್ತಾಗುತ್ತದೆ.

ನನ್ನ ತಂತಿಯ ರೋಧ ಹತ್ತು ವರ್ಷ ೬೦೦ ಓಮಿನ ಆಸುಪಾಸಿನಲ್ಲಿದ್ದದ್ದು ಒಮ್ಮೆಗೇ ೨೦೦ಕ್ಕಿಂತ ಕೆಳಗಿಳಿಯಿತು. ಅದಕ್ಕೆ ಮೊದಲೇ ಎರಡು ಮೂರು ಸಲ, ಎಡಗೈಯಿಂದ ಕಪಾಟಿನ ಮೇಲಿನ ಪುಸ್ತಕವನ್ನು ತೆಗೆಯುವಾಗ, ಕಣ್ಣಿಗೆ ಕತ್ತಲೆ ಬಂದಂತಾಗಿತ್ತು. ಆದದ್ದಿಷ್ಟು: ಹೊದಿಕೆ ಹರಿದ ಕಡೆಯಲ್ಲಿ ಎದೆಯ ಸ್ನಾಯುವಿನ ವಿದ್ಯುತ್ತು ತಂತಿಯೊಳಕ್ಕೆ ನುಸುಳುತ್ತಿತ್ತು. ಪೆಟ್ಟಿಗೆ ಅದನ್ನೇ ಹೃದಯದ ಮಿಡಿತವೆಂದು ಭ್ರಮಿಸಿ, ತನ್ನ ಕೆಲಸವೇನೂ ಇಲ್ಲವೆಂದು ಮೌನವಾಗಿಬಿಡುತ್ತಿತ್ತು. ಆದ್ದರಿಂದ ಕೇಳುಗರಿಗೆ ನನ್ನ ಮೊದಲ ವಿಜ್ಞಾಪನೆ: ತೋಳನ್ನು ಒಂದು ರೀತಿಯಲ್ಲಿ ಎತ್ತಿದಾಗ ತಲೆ ಸುತ್ತಿದರೆ ಅದನ್ನು ಪಿತ್ತವೆಂದೋ ವಯಸ್ಸೆಂದೋ ತಳ್ಳಿಹಾಕದೆ, ಯಂತ್ರವನ್ನು ಪರೀಕ್ಷಿಸುವವರ ಬಳಿ ತಕ್ಷಣ ಹೋಗಿ. ಪರೀಕ್ಷೆಯಲ್ಲಿ ನೋವಿಲ್ಲ, ಎದೆಯ ಮೇಲೆ ಒಂದು ಬಿಲ್ಲೆಯನ್ನಿಟ್ಟು ಯಂತ್ರದೊಡನೆ ಮಾತನಾಡುತ್ತಾರೆ, ಅಷ್ಟೆ.

ಇನ್ನು ಆ ವಿವೇಚನೆಯ ಪ್ರಶ್ನೆ. ವೈದ್ಯರು, “ಮೇಷ್ಟ್ರೇ, ಹೊಸ ತಂತಿ ಹಾಕಲೇಬೇಕು, ಅದರಲ್ಲಿ ಸಂದೇಹವಿಲ್ಲ. ಹಳೆಯದನ್ನು ಏನು ಮಾಡೋಣ ಅನ್ನೋದನ್ನ ಮೂವರೂ ಕೂತು ಯೋಚನೆ ಮಾಡೋಣ,” ಎಂದರು. ನನ್ನಾಕೆಗೆ ಆಶ್ಚರ್ಯವಾಯಿತು. “ಕೆಟ್ಟದ್ದನ್ನ ಒಳಗೇ ಬಿಟ್ಟು ಹೊಲಿದುಬಿಡ್ತೀರಾ ಡಾಕ್ಟ್ರೇ? ಮನೆಯ ಗೋಡೆಯೊಳಗಿನ ವೈರು ಸುಟ್ಟರೂ ಎಳೆದು ಹೊರಗೆ ಹಾಕ್ತಾರಲ್ಲ,” ಎಂದಳು. ಆಕೆಯ ಮಾತು ನ್ಯಾಯವಾದದ್ದೇ. ವೈದ್ಯರು ತಾಳ್ಮೆಯಿಂದ ವಿವರಿಸಿದರು. “ಅಮ್ಮ, ಗೋಡೆಯೊಳಗಿನ ಕೊಳವೆ ವೈರನ್ನ ಹಿಡಿದುಕೊಳ್ಳೋದಿಲ್ಲ. ಮೈ ಹಿಡಿದುಕೊಳ್ಳುತ್ತೆ. ಹಾಕಿ ವರ್ಷದೊಳಗಾದರೆ ಮೆಲ್ಲಗೆ ಎಳೆದರೆ ಸಾಮಾನ್ಯವಾಗಿ ಬಂದುಬಿಡುತ್ತೆ. ಹನ್ನೊಂದು ವರ್ಷ ಆದಮೇಲೆ ರಕ್ತನಾಳದ ಗೋಡೆ, ಹೃದಯದ ಗೋಡೆ ಅದರ ಸುತ್ತ ನಾರು ಬೆಳೆಸಿಕೊಂಡಿರುತ್ತೆ.” ಮನೆಗೆ ಬರುವ ದಾರಿಯಲ್ಲಿ ಆಕೆ, “ನಮ್ಮ ಹಿತ್ತಿಲ ಹಲಸಿನ ಮರಕ್ಕೆ ಬಟ್ಟೆ ಒಣಗಹಾಕೋಕೆ ಕಟ್ಟಿದ್ದ ತಂತಿಯ ಹಾಗೆ ಅನ್ನಿ. ತೊಗಟೆ ಅದನ್ನ ನುಂಗಿಬಿಟ್ಟಿದೆ, ಎಳೆದರೆ ಮರವೇ ಸಿಗಿಯುತ್ತೆ,” ಎಂದಳು. ಇದಕ್ಕಿಂತ ಒಳ್ಳೆಯ ಉಪಮೆ ನನಗೆ ಇದುವರೆಗೆ ಸಿಕ್ಕಿಲ್ಲ.

ಹಳೆಯ ತಂತಿಯನ್ನು ಕೀಳುವ ವಿಧಾನ ಇಲ್ಲದಿಲ್ಲ. ತಂತಿಯ ಟೊಳ್ಳಿನೊಳಗೆ ಮತ್ತೊಂದು ಗಟ್ಟಿ ಎಳೆಯನ್ನು ತೂರಿಸಿ ಬಿಗಿಮಾಡುತ್ತಾರೆ. ಅದರ ಹೊರಗೆ ಒಂದು ಕೊಳವೆಯನ್ನು ಸರಿಸುತ್ತ ಹೋಗುತ್ತಾರೆ. ಆ ಕೊಳವೆಯ ಬಾಯಲ್ಲಿ ಲೇಸರ್ ಕಿರಣವೋ ತಿರುಗುವ ಅಂಚೋ ಇದ್ದು, ಸುತ್ತ ಬೆಳೆದ ನಾರನ್ನು ಅಂಗುಲ ಅಂಗುಲವಾಗಿ ಬಿಡಿಸುತ್ತದೆ. ನುರಿತ ಕೈಗಳಲ್ಲಿ ಬಹುಪಾಲು ಸುಗಮವಾಗಿ ಮುಗಿಯುವ ಕೆಲಸವೇ ಇದು. ಆದರೆ ಮಹಾಭಿಧಮನಿಯೋ ಹೃದಯದ ಗೋಡೆಯೋ ಹರಿದರೆ ನಿಮಿಷಗಳಲ್ಲಿ ಎದೆಯನ್ನು ತೆರೆಯಬೇಕಾಗುತ್ತದೆ. ಅನುಭವವುಳ್ಳ ಆಸ್ಪತ್ರೆಗಳಲ್ಲಿ ಗಂಭೀರ ತೊಂದರೆ ನೂರಕ್ಕೆ ಎರಡರ ಆಸುಪಾಸು, ಸಾವು ನೂರಕ್ಕೆ ಒಂದಕ್ಕಿಂತ ಕಡಿಮೆ. ಆದುದರಿಂದ ಈ ಕೆಲಸವನ್ನು ಮೇಲಿಂದ ಮೇಲೆ ಮಾಡುವ, ಹೃದಯದ ಶಸ್ತ್ರವೈದ್ಯರು ಪಕ್ಕದಲ್ಲೇ ಸಿದ್ಧರಿರುವ ಕಡೆಯಲ್ಲಿ ಮಾತ್ರ ಮಾಡಿಸಿಕೊಳ್ಳತಕ್ಕದ್ದು. ಇದಕ್ಕೆ ಸಾಮಾನ್ಯವಾಗಿ ಪೂರ್ಣ ಪ್ರಜ್ಞೆ ತಪ್ಪಿಸುತ್ತಾರೆ. ಹೊತ್ತೂ ಹೆಚ್ಚು ಹಿಡಿಯುತ್ತದೆ.

ಹಾಗಾದರೆ ಬಿಟ್ಟುಬಿಡುವುದೇ ಸುಖವೆ? ಅದಕ್ಕೂ ಬೆಲೆ ತೆರಬೇಕು. ರಕ್ತನಾಳದಲ್ಲಿ ತಂತಿಗಳು ಹೆಚ್ಚಿದಷ್ಟೂ ದಾರಿ ಕಿರಿದಾಗುತ್ತದೆ. ಬಿಟ್ಟ ತಂತಿಯಿಂದಾಗಿ ಮುಂದೆ ಎಂ.ಆರ್.ಐ. ಚಿತ್ರಣ ಬೇಕಾದಾಗ ಅಡ್ಡಿ ಬರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಮುಂದೆಂದಾದರೂ ಸೋಂಕು ತಗಲಿದರೆ ಹೊಸದು ಹಳೆಯದು ಎನ್ನದೆ ಪೆಟ್ಟಿಗೆ ತಂತಿಗಳೆಲ್ಲವನ್ನೂ ಹೊರಗೆ ತೆಗೆಯಲೇಬೇಕು. ಅಲ್ಲಿ ಆಯ್ಕೆಯ ಮಾತಿಲ್ಲ. ಒಂದು ತುಣುಕು ಉಳಿದರೂ ನಂಜು ಮರಳಿ ಬರುತ್ತದೆ. ಅಷ್ಟರಲ್ಲಿ ಹಳೆಯ ತಂತಿ ಇನ್ನಷ್ಟು ಹಳೆಯದಾಗಿ ಇನ್ನಷ್ಟು ಬಿಗಿಯಾಗಿರುತ್ತದೆ, ರೋಗಿಗೂ ವಯಸ್ಸಾಗಿರುತ್ತದೆ. ಆದಕಾರಣ ಮೂವತ್ತರ ಯುವಕನಿಗೆ ಕೀಳುವುದು ಮೇಲೆಂದು ತೋರಿದರೆ, ಎಂಬತ್ತರ ಮುದುಕರಿಗೆ ಬಿಡುವುದು ಮೇಲೆಂದು ತೋರಬಹುದು. ನಡುವೆ ಇರುವ ನನ್ನಂಥ ಅರವತ್ತರವರದೇ ಕಷ್ಟ.

ನನ್ನ ತೋಳಿಗೆ ಔಷಧವನ್ನು ಚುಚ್ಚಿ, ರಕ್ತನಾಳದ ಎಕ್ಸ್‌ರೇ ಚಿತ್ರ ತೆಗೆದು ನೋಡಿದರು. ನಾಳ ಕಿರಿದಾಗಿದ್ದರೂ ಮುಚ್ಚಿರಲಿಲ್ಲ. ಇನ್ನೊಂದು ತಂತಿಗೆ ಎಡೆಯಿತ್ತು. ಸೋಂಕಿನ ಸುಳಿವಿರಲಿಲ್ಲ. ಎಲ್ಲ ಸೇರಿ ಮೂರೇ ತಂತಿಗಳಾಗುತ್ತಿದ್ದವು. ನನ್ನಾಕೆ ಕೊನೆಯವರೆಗೂ ಪೂರ್ತಿ ಒಪ್ಪಲಿಲ್ಲ, “ನಾಳೆ ನಂಜಾದರೆ?” ಎಂಬ ಆಕೆಯ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಇಂದಿನ ದೊಡ್ಡ ಅಪಾಯವನ್ನು ಬಿಟ್ಟು, ನಾಳೆ ಬರಲೂಬಹುದಾದ, ಬಾರದೆಯೂ ಇರಬಹುದಾದ ಅಪಾಯವನ್ನು ನಾನು ಒಪ್ಪಿಕೊಂಡೆ. ಬೇರೊಬ್ಬರು ಇದೇ ಸ್ಥಿತಿಯಲ್ಲಿ ಬೇರೆ ತೀರ್ಮಾನಕ್ಕೆ ಬಂದರೆ ಅದೂ ಯುಕ್ತವೇ. ಆದರೆ ತೀರ್ಮಾನ ತಿಳಿದು ಮಾಡಿದ್ದಾಗಿರಬೇಕು.

ಇನ್ನು ಆ ದಿನದ ವಿಚಾರ. ಹಿಂದಿನ ರಾತ್ರಿಯಿಂದ, ಇಲ್ಲವೆ ಕನಿಷ್ಠ ಆರು ಗಂಟೆ, ಉಪವಾಸ. ರಕ್ತವನ್ನು ತೆಳುವಾಗಿಸುವ ಮಾತ್ರೆಗಳನ್ನು ನಿಲ್ಲಿಸಬೇಕೆ ಎಂಬುದನ್ನು ವೈದ್ಯರನ್ನೇ ಕೇಳಬೇಕು. ತಾನಾಗಿ ನಿಲ್ಲಿಸಲೂ ಬಾರದು, ಮುಂದುವರಿಸಲೂ ಬಾರದು. ವಾರ್ಫರಿನ್ ಮಾತ್ರೆಯನ್ನು ನಿಲ್ಲಿಸಿ ಹೆಪಾರಿನ್ ಚುಚ್ಚುವುದಕ್ಕಿಂತ, ಅದನ್ನು ಮುಂದುವರಿಸಿದರೇ ಗಾಯದಲ್ಲಿ ರಕ್ತ ಕಟ್ಟುವುದು ಕಡಿಮೆಯೆಂದು ಕೆನಡಾದ ವೈದ್ಯರು ನಡೆಸಿ ೨೦೧೩ರಲ್ಲಿ ಪ್ರಕಟಿಸಿದ ಪರೀಕ್ಷೆಯಿಂದ ತಿಳಿದುಬಂತು. ಹಳೆಯ ರೂಢಿಯ ಮಾತನ್ನು ನಂಬಿ ನೆರೆಹೊರೆಯವರು ಕೊಡುವ ಸಲಹೆಯನ್ನು ಕೇಳಬೇಡಿ. ಮೊದಲ ಸಲಕ್ಕಿಂತ ಎರಡನೆಯ ಸಲ ತೆರೆದಾಗ ಸೋಂಕಿನ ಭಯ ಹೆಚ್ಚು. ಅದಕ್ಕಾಗಿ ಕತ್ತಿ ಮುಟ್ಟಿಸುವ ಮುನ್ನವೇ ರಕ್ತನಾಳಕ್ಕೆ ಆ್ಯಂಟಿಬಯಾಟಿಕ್ ಕೊಡುತ್ತಾರೆ.

ಕೀಳದೆ ಹೊಸದನ್ನಷ್ಟೇ ಇಳಿಸುವುದಾದರೆ ಸಾಮಾನ್ಯವಾಗಿ ಆ ಭಾಗವನ್ನು ಮಾತ್ರ ಮರಗಟ್ಟಿಸಿ, ಜೊತೆಗೆ ಮಂಪರು ಬರುವ ಔಷಧ ಕೊಡುತ್ತಾರೆ. ಮರಗಟ್ಟಿಸುವ ಸೂಜಿ ಉರಿಯುತ್ತದೆ. ಆಮೇಲೆ ನೋವಿಲ್ಲ, ಆದರೆ ಒತ್ತುವುದು ಎಳೆಯುವುದು ತಿಳಿಯುತ್ತದೆ. ಹಳೆಯ ಪೆಟ್ಟಿಗೆಯನ್ನು ಅದರ ಗೂಡಿನಿಂದ ಬಿಡಿಸುವಾಗಿನ ಎಳೆತ ನನಗೆ ಚೆನ್ನಾಗಿ ನೆನಪಿದೆ. ಮುಖದ ಮೇಲೆ ಬಟ್ಟೆ ಹೊದಿಸಿರುವುದರಿಂದ ಕಾಣುವುದೇನೂ ಇಲ್ಲ, ಕೇಳುವುದೇ ಎಲ್ಲ. ಕೆಲವರಿಗೆ ಆ ಬಟ್ಟೆಯ ಕೆಳಗೆ ಉಸಿರು ಕಟ್ಟಿದಂತಾಗುತ್ತದೆ. ಮೊದಲೇ ಹೇಳಿದರೆ ಒಂದು ಬದಿಯನ್ನು ಎತ್ತಿ ಕಟ್ಟುತ್ತಾರೆ. ಎಕ್ಸ್‌ರೇ ಪರದೆಯನ್ನು ನೋಡುತ್ತ ತಂತಿಯನ್ನು ಹೃದಯದೊಳಕ್ಕೆ ಇಳಿಸುವಾಗ ಎದೆಯಲ್ಲಿ ಒಂದೆರಡು ಮಿಡಿತ ಹಾರಿದಂತೆ, ಮುಗ್ಗರಿಸಿದಂತೆ ಆಗುವುದುಂಟು, ಹೆದರಬೇಕಾದ್ದಿಲ್ಲ. ತುದಿಯ ಪುಟ್ಟ ತಿರುಪು ಹೃದಯದ ಗೋಡೆಗೆ ಕಚ್ಚಿಕೊಂಡ ಮೇಲೆ, “ಜೋರಾಗಿ ಉಸಿರೆಳೆಯಿರಿ, ಕೆಮ್ಮಿ,” ಎನ್ನುತ್ತಾರೆ. ತಂತಿ ಗಟ್ಟಿಯಾಗಿ ನಿಂತಿದೆಯೆ ಎಂದು ನೋಡುವ ಬಗೆ ಅದು.

ಹೃದಯ ಪೂರ್ತಿಯಾಗಿ ಯಂತ್ರವನ್ನೇ ನಂಬಿಕೊಂಡಿದ್ದರೆ, ಹಳೆಯದನ್ನು ಬಿಡಿಸಿ ಹೊಸದನ್ನು ಜೋಡಿಸುವ ನಡುವಿನ ಹೊತ್ತಿಗೆ ಗತಿಯೇನು ಎಂಬ ಭಯ ಎಲ್ಲರಿಗೂ ಬರುತ್ತದೆ. ಅದಕ್ಕೆ ವ್ಯವಸ್ಥೆಯಿದೆ. ಹೊಸ ತಂತಿ ನೆಲೆಗೊಂಡು ಪರೀಕ್ಷೆಯಾದ ಮೇಲೆ ಹಳೆಯದನ್ನು ಬಿಡಿಸುವುದುಂಟು. ಇಲ್ಲವೆ ತೊಡೆಯ ಕಡೆಯಿಂದಲೋ ಕುತ್ತಿಗೆಯ ಕಡೆಯಿಂದಲೋ ತಾತ್ಕಾಲಿಕ ತಂತಿಯನ್ನು ಇಟ್ಟಿರುತ್ತಾರೆ. ಈ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಿ. ನಾನು ಕೇಳಿದೆ, ಉತ್ತರ ಸಿಕ್ಕಿದ ಮೇಲೆ ಆ ರಾತ್ರಿ ನಿದ್ದೆ ಬಂತು. ಬಿಟ್ಟ ಹಳೆಯ ತಂತಿಯ ಹೊರತುದಿಗೆ ಟೊಪ್ಪಿಗೆಯಂಥದನ್ನು ಹಾಕಿ ಅಲ್ಲೇ ಹೊಲಿದಿಡುತ್ತಾರೆ. ನನ್ನ ಪೆಟ್ಟಿಗೆಯ ಬ್ಯಾಟರಿಯೂ ಮುಗಿಯುತ್ತ ಬಂದಿದ್ದರಿಂದ ಅದನ್ನೂ ಅದೇ ಕೈಯಲ್ಲಿ ಬದಲಾಯಿಸಿದರು. ಒಟ್ಟು ಎರಡು ಗಂಟೆ ಹಿಡಿಯಿತು.

ಆಮೇಲೆ ಎದೆಯ ಎಕ್ಸ್‌ರೇ ತೆಗೆಯುತ್ತಾರೆ: ತಂತಿ ನೆಲೆಯಲ್ಲಿದೆಯೆ, ಸೂಜಿ ಶ್ವಾಸಕೋಶಕ್ಕೆ ತಗಲಿ ಗಾಳಿ ಸೋರಿದೆಯೆ ಎಂದು ನೋಡುವುದಕ್ಕೆ. ತೊಂದರೆಯಿಲ್ಲದಿದ್ದರೆ ಒಂದೆರಡು ದಿನದಲ್ಲಿ ಮನೆ. ನಾಲ್ಕರಿಂದ ಆರು ವಾರ ಆ ಕಡೆಯ ಮೊಣಕೈಯನ್ನು ಭುಜಕ್ಕಿಂತ ಮೇಲೆತ್ತಬಾರದು, ಭಾರ ಹೊರಬಾರದು; ಹೊಸ ತಂತಿ ಕಚ್ಚಿಕೊಳ್ಳಲು ಅಷ್ಟು ಕಾಲ ಬೇಕು. ಹಾಗೆಂದು ತೋಳನ್ನು ಅಲುಗಾಡಿಸದೆ ಎದೆಗೆ ಅವುಚಿಕೊಂಡೇ ಇದ್ದರೆ ಭುಜ ಬಿಗಿದುಕೊಳ್ಳುತ್ತದೆ. ಊಟ, ಬರವಣಿಗೆ, ಸೊಂಟದ ಮಟ್ಟದ ಕೆಲಸಗಳಿಗೆ ಕೈಯಾಡಿಸುತ್ತಲೇ ಇರಬೇಕು. ಜುಬ್ಬವನ್ನು ತಲೆಯ ಮೇಲಿಂದ ಹಾಕುವುದಕ್ಕಿಂತ ಮುಂದೆ ಗುಂಡಿಯಿರುವ ಅಂಗಿ ಅನುಕೂಲ. ಗಾಯ ಒಣಗುವವರೆಗೆ ನೀರು ಸೋಕಿಸಬಾರದು. ಜ್ವರ, ಗಾಯದಲ್ಲಿ ಕೆಂಪು, ಊತ, ಕೀವು, ತಲೆಸುತ್ತು, ಬಿಡದ ಬಿಕ್ಕಳಿಕೆ – ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದು ಬೇಡ, ಆಸ್ಪತ್ರೆಗೇ ಹೋಗಬೇಕು. ಗಾಯದ ಮೇಲೆ ಅರಿಸಿನ ಮೆತ್ತುವ ನಮ್ಮ ಪದ್ಧತಿಯನ್ನು ಇಲ್ಲಿ ಕಡ್ಡಾಯವಾಗಿ ಬಿಡಬೇಕು. ಮೊಬೈಲ್ ಫೋನನ್ನು ಎಡ ಜೇಬಿನಲ್ಲಿ ಇಡದೆ ಯಂತ್ರದಿಂದ ೧೫ ಸೆಂಟಿಮೀಟರಾದರೂ ದೂರವಿಡಬೇಕು. ಮಾತನಾಡುವಾಗ ಬಲಗಿವಿ ಒಳ್ಳೆಯದು.

ಮನಸ್ಸಿನ ವಿಚಾರ ಒಂದು ಉಳಿಯಿತು. ಮೊದಲ ಸಲ ಪೇಸ್‌ಮೇಕರ್ ಇಟ್ಟಾಗ ಜೀವ ಮರಳಿತೆಂಬ ಉತ್ಸಾಹವಿರುತ್ತದೆ. ಎರಡನೆಯ ಸಲ ಆ ಉತ್ಸಾಹವಿರುವುದಿಲ್ಲ. ನಂಬಿದ ವಸ್ತು ಕೈಕೊಟ್ಟಿತೆಂಬ ಬೇಸರವಿರುತ್ತದೆ. ವಾರಗಟ್ಟಲೆ ನಾನು ರಾತ್ರಿ ಎಚ್ಚರವಾದಾಗಲೆಲ್ಲ ನಾಡಿ ಹಿಡಿದು ಎಣಿಸುತ್ತಿದ್ದೆ. ಇದು ಎಷ್ಟೋ ಜನಕ್ಕೆ ಆಗುವಂಥದೇ, ಕ್ರಮೇಣ ಹೋಗುವಂಥದೇ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಹಿತವಾಗುತ್ತಿತ್ತು. ಆದ್ದರಿಂದ ನಾನು ಹೇಳುತ್ತಿದ್ದೇನೆ. ತಂತಿಯೇ ಇಲ್ಲದ, ಔಷಧದ ದೊಡ್ಡ ಗುಳಿಗೆಯಷ್ಟೇ ಗಾತ್ರದ, ಇಡಿಯಾಗಿ ಹೃದಯದೊಳಗೇ ಕೂರುವ ಪೇಸ್‌ಮೇಕರ್ ಕೂಡ ಬಂದಿದೆ. ಅಮೆರಿಕದಲ್ಲಿ ೨೦೧೬ರಲ್ಲಿ ಅದಕ್ಕೆ ಅನುಮತಿ ದೊರೆಯಿತು, ನಮ್ಮ ದೇಶದಲ್ಲೂ ಹಾಕುತ್ತಾರೆ. ಎಲ್ಲರ ಕಾಯಿಲೆಗೂ ಅದು ಹೊಂದುವುದಿಲ್ಲ, ಬೆಲೆಯೂ ಹೆಚ್ಚು. ಹೊಂದುತ್ತದೆಯೆ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ತಂತಿ ಬದಲಾಯಿಸಬೇಕೆಂದು ಯಾರಿಗಾದರೂ ಹೇಳಿದ್ದರೆ, ಅವರು ಐದು ಪ್ರಶ್ನೆಗಳನ್ನು ಒಂದು ಕಾಗದದ ಮೇಲೆ ಬರೆದುಕೊಂಡು ಹೋಗಲಿ. ತಂತಿಗೆ ಆಗಿರುವುದೇನು? ಹಳೆಯದನ್ನು ಬಿಡುತ್ತೀರೋ ಕೀಳುತ್ತೀರೋ, ಯಾಕೆ? ಕೀಳುವುದಾದರೆ ಇಲ್ಲಿ ಆ ಕೆಲಸವನ್ನು ಎಷ್ಟು ಸಲ ಮಾಡಿದ್ದೀರಿ, ಎದೆ ತೆರೆಯಬಲ್ಲವರು ಹತ್ತಿರವಿರುತ್ತಾರೆಯೆ? ಬಿಡುವುದಾದರೆ ಮುಂದೆ ನಾನು ಎಚ್ಚರಿಕೆಯಿಂದಿರಬೇಕಾದದ್ದು ಯಾವುದರಲ್ಲಿ? ಬದಲಾಯಿಸುವ ಹೊತ್ತಿನಲ್ಲಿ ನನ್ನ ಹೃದಯವನ್ನು ನಡೆಸುವುದು ಯಾವುದು? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಹೋಗುವಾಗ ಮನೆಯವರಲ್ಲಿ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಉತ್ತರವನ್ನು ಅವರು ಬರೆದುಕೊಳ್ಳಲಿ. ಆ ಹೊತ್ತಿನಲ್ಲಿ ರೋಗಿಯ ಕಿವಿಗೆ ಬಿದ್ದದ್ದರಲ್ಲಿ ಅರ್ಧವೂ ನೆನಪಿರುವುದಿಲ್ಲ.